ಮೀನ ಕಾಕಾನ ಶುಕ್ರವಾರ

ನನಗ ಟೋಪಿ ಹಾಕೂವಾಂವ ಡೊಂಬಿವಲಿದಾಗ ಇನ್ನೂ ಹುಟ್ಟಿಲ್ಲ ಅಂತ ನಾ ಜೀವನದುದ್ದಕ್ಕೂ ಹೇಳ್ಕೋತ ಬಂದೀನಿ. ಠಾಣೆಯಿಂದ ಕಲ್ಯಾಣತನಕ ಯಾರನ್ನ ಬೇಕಾದ್ರೂ ಕೇಳ್ರಿ. ಲೋಕಲ್ ಗಾಡಿದಾಗ ನಿದ್ದಿ ಹತ್ತಿದವರ ಚಪ್ಪಲಿ ಅದಲು ಬದಲು ಮಾಡಿದಾಂವ ನಾ. ನಮ್ಮ ಫೋರಮನ್ನನ ಡಬ್ಬಿದಾಗ ಚಪಾತಿ ನಡುವ ಪೈಪಿನ ರಬ್ಬರ್ ದುಂಡಗ ಕತ್ತರಿಸಿ ಇಟ್ಟಾಂವ ನಾ. ಅಂವ ಅದನ್ನ ಜಗಿದು ಜಗಿದು, "ಇವತ್ತ ಮನ್ಯಾಕಿ ಹಿಟ್ಟು ಸರಿ ನಾದಿಲ್ಲ" ಅಂತ ಹೇಳಿದ್ದನ್ನ ಇಡೀ ಡಿಪಾರ್ಟ್‌ಮೆಂಟ್ ಕೇಳೈತಿ. ಇಂಥಾ ನಾ, ಈಗ ಹಲ್ಲು ಬಿದ್ದ ಮ್ಯಾಲ ಕೂತು ಒಬ್ಬ ಮನಷ್ಯಾನ ಬಗ್ಗೆ ಬರಿಯಾಕ ಹತ್ತೀನಿ. ಪ್ರೀತಿ ಉಕ್ಕಿ ಬಂದು ಬರಿಯಾಕ ಹತ್ತಿಲ್ಲ. ಅವನ ಮ್ಯಾಲಿನ ಸಂಶಯ ಇನ್ನೂ ಹೋಗಿಲ್ಲ, ಅದಕ್ಕ.

ಹೆಸರು ಬ್ಯಾಡ ಬಿಡ್ರಿ. ನಾವೆಲ್ಲಾ ಅವಗ ಮೀನ ಕಾಕಾ ಅಂತಿದ್ವಿ. ಉಡುಪಿ ಕಡೆ ಸಮುದ್ರದ ದಂಡಿ ಊರಾಂವ. ಗಿಡ್ಡ, ಕಪ್ಪು, ಕುತ್ತಿಗಿ ಮಾತ್ರ ಉದ್ದ. ಯಾರರೆ ಮಾತಾಡ್ಸಿದ್ರ ಮೊದಲ ಅವರ ಕೈ ನೋಡ್ತಿದ್ದ, ಆಮ್ಯಾಲ ಮಾರಿ. ಕೈಯಾಗ ಏನು ಹಿಡದಾರ, ಏನು ಒಗ್ಯಾವ್ರದಾರ ಅಂತ. ಪೊಲೀಸರು ಹಂಗ ನೋಡ್ತಾರ, ಇಲ್ಲ ಕಳ್ಳರು. ಕಾಕಾ ಎರಡೂ ಅಲ್ಲ, ನಮ್ಮ ಕಂಪನಿ ಗೇಟಿನ ತೋಟದ ಮಾಲಿ.

ಕಂಪನಿ ಅಂದ್ರ ಬಣ್ಣದ್ದು. ಅರಿವಿಗೆ ಹಾಕೂ ಬಣ್ಣ ಮಾಡೂದು. ನಾ ಅಲ್ಲಿ ಪೈಪ್ ಫಿಟ್ಟರ್ ಇದ್ನಿ. ವಿಜಾಪುರದಿಂದ ಬರೀ ಒಂದು ಟ್ರಂಕ್ ತಗೊಂಡು ಬಂದಾಂವ, ನನ್ನ ಕೈ ದಾಟದ ಪೈಪೇ ಇರಲಿಲ್ಲ ಆ ಕಂಪನಿದಾಗ. ಹಿಂದಿನ ಗ್ವಾಡಿ ಬುಡಕ ಒಂದು ನಾಲಾ. ಅವತ್ತ ಒಳಗ ಯಾವ ಬಣ್ಣ ಕುದ್ದೈತಿ ಅಂತ ತಿಳೀಬೇಕಂದ್ರ ನಾಲಾ ನೋಡಿದ್ರ ಸಾಕಾಗ್ತಿತ್ತು. ಒಂದಿನ ಕೆಂಪು, ಒಂದಿನ ನೀಲಿ. ಹಸಿರು ಬಣ್ಣದ ದಿನ ಖರೇನ ಭಾಳ ಚಂದ ಕಾಣ್ತಿತ್ತು. ಆ ನಾಲಾದ ಕೆಳದಂಡಿಗೆ ನಮ್ಮ ಚಾಳ. ಗುಲಬರ್ಗಾ, ರಾಯಚೂರು, ವಿಜಾಪುರದ ಮಂದಿ, ನಡುವ ನಾಕು ಮನಿ ಕರಾವಳಿಯವರು, ಅದರಾಗೊಂದು ಕಾಕಾನ ಮನಿ. ಚಾಳಿನ ಬಾವಿ ನೀರು ಮೊದಲ ತೆಂಗಿನೀರಿನಂಗಿತ್ತಂತ, ಹಳಬರು ಹೇಳೂದು. ನಾ ಹೋದಾಗ ಅದರಾಗ ಅನ್ನಾ ಮಾಡಿದ್ರ ಅನ್ನದ ಬಣ್ಣ ನೋಡಿ ಯಾರೂ ಏನೂ ಮಾತಾಡ್ತಿದ್ದಿಲ್ಲ. ಕುಡಿಯೂ ನೀರಿಗೆ ಹೆಣ್ಮಕ್ಕಳು ಹೆದ್ದಾರಿ ದಾಟಿ ರಸ್ತೆದ ನಳಕ್ಕ ಹೋಗಬೇಕು. ಅಲ್ಲೂ ಶುಕ್ರವಾರ ನೀರಿಲ್ಲ. ನಮ್ಮ ಭಾಗಕ್ಕ ನೀರು ಬರೂ ದೊಡ್ಡ ಪೈಪು ವಾರಕ್ಕೊಮ್ಮೆ ಬಂದ್ ಮಾಡ್ತಿದ್ರು, ರಿಪೇರಿ ಅಂತ. ನಳಕ್ಕ ರಜಾ. ಗುರುವಾರ ಸಂಜಿ ಮುಂದ ಚಾಳಿನಾಗ ಕೊಡಾ, ಬಕೀಟು, ಪಾತೇಲಿ, ಕಡೀಕ ಲೋಟಾನೂ ತುಂಬಿಟ್ಟು ಮಲಗೂ ರೂಢಿ. ಸಣ್ಣ ಹುಡುಗೂರಿಗೂ ಗೊತ್ತಿದ್ದ ಮಾತು ಅದು.

ಹೆಣ್ಮಕ್ಕಳು ಸುಮ್ನ ಇರಲಿಲ್ಲ, ಇದು ನಾ ಕಂಪನಿ ಸೇರೂಕಿಂತ ಮೊದಲಿನ ಮಾತು. ನಿಂಗವ್ವ ಅಂತ ಒಬ್ಬಾಕಿ ಇದ್ಲು, ಹಮಾಲಿ ಮಾಡೂವನ ಹೆಂಡ್ತಿ, ದನಿ ಗಿರಣಿ ಭೋಂಗಾದಂಗ. ಆಕಿ ಮುಂದಾಗಿ ಎಲ್ಲಾರೂ ಖಾಲಿ ಕೊಡಾ ಹೊತ್ತು ಕಂಪನಿ ಗೇಟಿಗೆ ಮೋರ್ಚಾ ತಂದ್ರು. "ನಮ್ಮ ಬಾವಿ ಕೆಡಿಸೀರಿ, ನಮ್ಮ ಚಾಳಿಗೆ ನಳಾ ಹಾಕಸ್ರಿ." ಅದಕ್ಕ ಕಂಪನಿ ಏನು ಮಾಡ್ತು? ನಳಾ ಹಾಕಸ್ಲಿಲ್ಲ. ಗೇಟಿನ ಮುಂದ ಒಂದು ಕೊಳ ಕಟ್ಟಿಸ್ತು. ನಾಕು ಮಂಚ ಹಾಸುವಷ್ಟು ದೊಡ್ಡದು, ಸುತ್ತ ಗುಲಾಬಿ, ನಡುವ ಸಿಮೆಂಟಿನ ಕೊಕ್ಕರೆ, ಅದರ ಬಾಯಿಂದ ನೀರು ಬೀಳೂದು. ಒಳಗ ಮೀನು. ಬಾಜೂಕ ಮರಾಠಿದಾಗ ಬೋರ್ಡು: ನಮ್ಮ ಕಾರಖಾನೆಯಿಂದ ಶುದ್ಧ ಮಾಡಿ ಹೊರಗ ಬಿಡೂ ನೀರು ಇದೇ, ಮೀನೇ ಸಾಕ್ಷಿ. ಆಮ್ಯಾಲ ಯಾರು ತಕರಾರು ತಂದ್ರೂ, ಅಧಿಕಾರಿ ಬಂದ್ರೂ, ಕೊಳದ ದಂಡಿಗೆ ನಿಲ್ಲಿಸಿ ಮೀನು ತೋರ್ಸಿ ಚಹಾ ಕುಡಿಸಿ ಕಳಸೂದು. ಊರ ಕಚೇರಿಯವರೂ ಅದನ್ನ ಹಿಡದ್ರು. ಬಾವಿ ಚಲೋ ಐತಿ, ಮೀನು ಬದುಕೈತಿ, ಚಾಳಿಗೆ ನಳಾ ಯಾಕ?

ಆ ಮೀನು ಬದುಕಿಸಿ ಇಡೂ ಕೆಲಸ ಕಾಕಾನದು. ಸಮುದ್ರದ ದಂಡೀಂವ, ಮೀನು ಗೊತ್ತಿರ್ತಾವ ಅಂತ ಇಟ್ಕೊಂಡಿದ್ರು. ಟೆಂಪರ್ವರಿ. ವರ್ಷಾ ವರ್ಷಾ ಟೆಂಪರ್ವರಿ.

ಈಗ ಹೇಳ್ರಿ, ಇಂಥಾ ಕೆಲಸದಾಗಿದ್ದಾಂವ ಬಾಯಿ ಮುಚ್ಚಿಕೊಂಡು ಇರಬೇಕೋ ಬ್ಯಾಡೋ? ಇಲ್ಲ. ಕಾಕಾ ನಮಗ ಬುದ್ಧಿ ಹೇಳ್ತಿದ್ದ! ಅವಾಗ ಪ್ಲಾಸ್ಟಿಕ್ ಪಿಶವಿ ಹೊಸದಾಗಿ ಬಜಾರಕ್ಕ ಬಂದಿದ್ವು. ತಕ್ಕಡಿಯವ ಟೊಮಾಟಿ ಹಾಕಿ ಪುಕ್ಕಟೆ ಕೊಟ್ರ ನಮಗ ಲಾಟರಿ ಹತ್ತಿದಂಗ. ತೊಳದು ಒಣಗಿಸಿ ಹಾಸಿಗಿ ಕೆಳಗ ಇಡ್ತಿದ್ವಿ. ಕಾಕಾನ ಕೈಯಾಗ ಮಾತ್ರ ಒಂದೇ ಚೀಲ. ಹಳೇ ಖಾಕಿ ಪ್ಯಾಂಟಿನ ಎರಡೂ ಕಾಲು ಕತ್ತರಿಸಿ, ಬುಡ ಹೊಲದು ಮಾಡಿದ್ದು. ಪ್ಯಾಂಟಿನ ಕಿಸೆ ಹಂಗ ಉಳಿಸಿದ್ದ, ಅದರಾಗ ರೈಲ್ವೆ ಪಾಸು, ಎಲಿ ಅಡಿಕಿ. ಬಜಾರದಾಗ ಅಂವ ಹೊಂಟ್ರ ಯಾರೋ ಅರ್ಧಾ ಮನಷ್ಯಾನ್ನ ಹಿಡಕೊಂಡು ಹೊಂಟಂಗ ಕಾಣೂದು. ನನ್ನ ಕೈಯಾಗ ಪಿಶವಿ ನೋಡಿದ್ನೋ, ನಿಂತು ಬಿಡ್ತಿದ್ದ.

"ಫಿಟ್ಟರ್, ಇದು ನಿನ್ನ ಮೊಮ್ಮಗನ ಕಾಲಕ್ಕೂ ಕೊಳೆಯುದಿಲ್ಲ, ಗೊತ್ತುಂಟಾ?"

"ಕಾಕಾ, ಮೊಮ್ಮಗಾ? ನನ್ನ ಲಗ್ನಾನ ಆಗಿಲ್ರಿ ಇನ್ನಾ."

"ಅದಕ್ಕೇ ಹೇಳುದು. ಚೀಲ ಹಿಡ್ದು ಬರುವ ಹುಡುಗ ಅಂದ್ರೆ ಹೆಣ್ಣು ಕೊಡ್ತಾರೆ ಮಾರಾಯ."

ನಾ ಸುಮ್ನ ಬಿಡೂ ಮನಷ್ಯಾ ಅಲ್ಲ. "ಅಲ್ರೀ ಕಾಕಾ, ಕಂಪನಿ ಹಿಂದಿನ ಬಾಗಲದಾಗ ಹೊಳಿ ಹೊಳಿ ಕೆಂಪ ನೀರು ಬಿಡತೈತಿ. ನೀವು ಮುಂದಿನ ಬಾಗಲದಾಗ ಮೀನಿಗೆ ಹಿಟ್ಟು ಹಾಕಿ ಅವರಿಗೆ ಸಾಕ್ಷಿ ಹೇಳ್ತೀರಿ. ಮತ್ತ ನನ್ನ ಟೊಮಾಟಿ ಪಿಶವಿ ಹಿಡಕೊಂಡು ಜಗಳಾ ತಗೀತೀರಿ?"

ಅಂವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ರ ನಾ ನಂಬ್ತಿದ್ನಿ. "ಅದು ನನ್ನ ಕೈಯಲ್ಲಿಲ್ಲ," ಅಂದ. "ಇದು ನಿನ್ನ ಕೈಯಲ್ಲುಂಟು."

ಇಷ್ಟು ಸಾಫ್ ಮಾತಾಡೂವಾಂವ ಒಳಗ ಸಾಫ್ ಇರೂದು ಶಕ್ಯಾನ ಇಲ್ಲ ಅಂತ ನಾ ಅವತ್ತ ತೀರ್ಮಾನ ಮಾಡಿದ್ನಿ.

ಸಂಶಯಕ್ಕ ಕಾರಣ ಒಂದಲ್ಲ. ಮೀನು ಹಿಡಿಯೂವರ ಮನಿತನದಾಗ ಹುಟ್ಟಿದಾಂವ ಮೀನು ತಿನ್ನೂದು ಬಿಟ್ಟಿದ್ದ. ಕೊಳದ ಕೆಲಸಕ್ಕ ಸೇರಿದ ಮ್ಯಾಲ ಬಿಟ್ನಂತ. "ದಿನಾ ಹಿಟ್ಟು ಹಾಕುವವನಿಗೆ ತಿನ್ನುವಾಗ ಗುರುತು ಸಿಕ್ಕಿದ ಹಾಗೆ ಆಗ್ತದೆ." ಯಾರು ನಂಬ್ತಾರ್ರೀ? ಇನ್ನ, ಮ್ಯಾನೇಜರ್ ಬಂದ್ರ ಎರಡೂ ಕೈ ಜೋಡಿಸಿ ಸೊಂಟದತನಕ ಬಗ್ಗೂದು. ದಿನಾ ಮುಂಜಾನೆ ಅವರ ಆಫೀಸಿನ ದೇವರ ಫೋಟೋಕ್ಕ ಹೂವು ಇಡೂದು. ಚಮಚಾ ಅಂತ ನಾವೆಲ್ಲಾ ಬೆನ್ನ ಹಿಂದ ಅಂತಿದ್ವಿ, ನಾ ಅವನ ಮುಂದೂ ಅಂತಿದ್ನಿ. ಮೂರನೇದ್ದು, ಅವನ ನೋಟ. ಚಾಳಿನಾಗ ಯಾರರೆ ಕೊಡದಾನ ನೀರು ಚೆಲ್ಲಿದ್ರ, ಕ್ಯಾಂಟೀನಿನಾಗ ನಳಾ ಸೋರಾಕ ಬಿಟ್ರ, ಬೈತಿದ್ದಿಲ್ಲ. ಬಂದು ತಾನ ನಳಾ ಬಿಗಿ ಮಾಡಿ, ಕೈ ಒರಸ್ಕೊಂಡು, ನಿಮ್ಮ ಮಾರಿ ನೋಡ್ತಾ ನಿಲ್ತಿದ್ದ. ಹೋಗ್ತಿದ್ದಿಲ್ಲ. ನಾ ಒಬ್ಬಾಂವ ಆ ನೋಟಕ್ಕ ಹೆದರದಾಂವ, ಖರೇ ಹೇಳ್ತೀನಿ. ಒಂದೆರಡು ಸಲ ಬಿಟ್ಟು.

ಒಮ್ಮೆ ಕಲ್ಯಾಣದ ಜಾತ್ರಿ ಅಂಗಡ್ಯಾಗ ರಬ್ಬರಿನ ಮೀನು ಸಿಕ್ತು, ಸೇಮ್ ಟು ಸೇಮ್. ಹೊಟ್ಟಿ ಮ್ಯಾಲ ಮಾಡಿ ಕೊಳದಾಗ ತೇಲಬಿಟ್ಟು ನಾವು ಕ್ಯಾಂಟೀನ್ ಕಿಡಕಿಯಿಂದ ನೋಡಾಕ ಕೂತ್ವಿ. ಕಾಕಾ ಬಂದ, ನೋಡಿದ, ಚಪ್ಪಲಿ ಸುದ್ದಾ ಕೊಳಕ್ಕ ಜಿಗದ. ಅದನ್ನ ಎರಡೂ ಅಂಗೈಯಾಗ ಎತ್ತಿಕೊಂಡು, ಬಾಯಿಗೆ ಊದಾಕ ಹತ್ತಿದ. ಊದಿದ್ರ ಅದು ಪೀಂ ಅಂತು! ನಮ್ಮ ಹೊಟ್ಟಿ ಹುಣ್ಣಾಗೂವಂಗ ನಕ್ವಿ. ಕಾಕಾ ನಿಂತಲ್ಲೇ ಕಿಡಕಿ ಕಡೆ ತಿರುಗಿ, ರಬ್ಬರ್ ಮೀನಿನ ಹೊಟ್ಟಿ ಇನ್ನೊಮ್ಮೆ ಒತ್ತಿ, ಪೀಂ ಅನಿಸಿ, ನಮಗ ಸಲಾಮ್ ಹೊಡದ. ಅಷ್ಟ. ಮರುದಿನ ನನ್ನ ಟೂಲ್ ಬ್ಯಾಗಿನಾಗ ಆ ಮೀನು ಇತ್ತು, ಸುತ್ತ ಪೇಪರ್ ಸುತ್ತಿ, ಮ್ಯಾಲೊಂದು ಲಿಂಬಿಹೋಳು ಇಟ್ಟು.

ಹಂಗಂದ್ರ ಕಾಕಾಗ ಮಸ್ಕಿರಿ ಬರತೈತಿ. ಆದ್ರ ಅದನ್ನ ಅಂವ ಮುಚ್ಚಿ ಇಟ್ಟಾನ. ಯಾಕ? ನನ್ನ ಸಂಶಯ ಇನ್ನೊಂದು ಗೇಣು ಬೆಳೀತು.

ರವಿವಾರ ಮುಂಜಾನೆ ಅಂವ ಎಣ್ಣಿ ಡಬ್ಬಿ ಹಿಡಕೊಂಡು ಎಲ್ಲೋ ಹೋಗ್ತಿದ್ದ, ಡಬ್ಬಿ ಮ್ಯಾಲ ಒದ್ದಿ ಅರಿವಿ ಮುಚ್ಚಿ. ನನಗ ಹೊಳೀತು. ಬಣ್ಣದ ಕಂಪನಿ ನೀರಾಗ ಮೀನು ವಾರಕ್ಕೊಮ್ಮೆ ಸಾಯ್ತಾವ, ಈ ಮುದುಕ ಠಾಣೆಯಿಂದ ಹೊಸಾ ಮೀನು ತಂದು ಬಿಡ್ತಾನ! ಹಿಡದ್ನಿ ಅಂತ ತಿಳ್ಕೋರಿ. ಒಂದು ರವಿವಾರ ಲೋಕಲ್ ಗಾಡಿದಾಗ ಅವನ ಹಿಂದಿನ ಡಬ್ಬಿ ಹತ್ತಿದ್ನಿ. ಠಾಣೆದಾಗ ಇಳದ, ನಡಕೋತ ಕೆರಿಗೆ ಹೋದ, ಮೆಟ್ಟಲದ ಮ್ಯಾಲ ಕೂತು ಅರಿವಿ ತಗದ. ಡಬ್ಬ್ಯಾಗ ಮೀನು ತುಂಬಿದ್ವು, ಕಿರುಬೆರಳಷ್ಟು. ಅವನ್ನ ಕೆರ್ಯಾಗ ಬಿಟ್ಟ. ತರಲಿಲ್ಲ, ಬಿಟ್ಟ!

ನಾ ಹಿಂದಿನಿಂದ ಹೋಗಿ ಹೆಗಲ ಮ್ಯಾಲ ಕೈ ಇಟ್ನಿ. ಅಂವ ಹೊರಳಿ ನೋಡಲೂ ಇಲ್ಲ. "ಬಂದಿಯಾ ಫಿಟ್ಟರ್? ಕೂತ್ಕೊ. ನೆಕ್ಸ್ಟ್ ಸಲ ನನ್ನ ಡಬ್ಬಿಗೇ ಹತ್ತು, ಒಂದು ಡಬ್ಬ ನೀನೂ ಹಿಡ್ಕೊ."

"ಇದೇನ್ರಿ ಕಾಕಾ?"

"ಎಂತ ಮಾಡುದು ಮಾರಾಯ, ಮರಿ ಹಾಕಿ ಹಾಕಿ ಕೊಳದಲ್ಲಿ ಜಾಗವೇ ಇಲ್ಲ."

ಮೀನು ಸಾಯ್ತಿದ್ವು ಅಂದ್ರ ನನಗ ನಿಶ್ಚಿಂತಿ ಇರ್ತಿತ್ತು. ಬಣ್ಣದ ಕಂಪನಿ ನೀರಾಗ ಮೀನು ಮರಿ ಹಾಕ್ತಾವಂದ್ರ? ಆ ನೀರು ನಟ್ಟು ತಿರುವೂ ನನ್ನ ಕಬ್ಬಿಣದ ಪಾನಾದ ಬಣ್ಣಾನ ಸುಲಿತಿತ್ತು. ಗಾಡಿದಾಗ ವಾಪಸ್ ಬರೂಮುಂದ ನಾ ಕಂಪನಿ ಪೈಪೆಲ್ಲಾ ಒಂದೊಂದಾಗಿ ತಲ್ಯಾಗ ಎಣಿಸಿದ್ನಿ. ಕೊಳದ ಪೈಪು ನಾ ಸೇರೂಕಿಂತ ಮೊದಲ ಯಾವನೋ ಕಂತ್ರಾಟದಾರ ಹಾಕಿದ್ದ, ಗುಲಾಬಿ ಮಡಿ ಕೆಳಗ ಹುಗದು. ಅದೊಂದ ಪೈಪು ನನ್ನ ಕೈ ದಾಟಿರಲಿಲ್ಲ. ಮೊದಲ ಸುಳ್ಳು ಹೇಳೀನಲ್ಲ, ತಿದ್ದಕೋರಿ.

ಅಗದು ನೋಡೂ ಕೆಲಸಾನೂ ಬೀಳಲಿಲ್ಲ. ಮುಂದಿನ ಶುಕ್ರವಾರ ಗೇಟಿನ ಒಳಗ ಬರೂಮುಂದ ಕೊಕ್ಕರೆ ಮಾರಿ ನೋಡಿದ್ನಿ. ಬಾಯಿ ತಗದು ಒಣಗಿ ನಿಂತಿತ್ತು. ಹಿಂದ ಹೋಗಿ ನಾಲಾ ನೋಡಿದ್ನಿ. ಎಂದಿನಂಗ ಭರ್ರಂತ ಹರಿದಿತ್ತು, ಯಾಕಂದ್ರ ಕಂಪನಿ ಕೆಲಸಕ್ಕ ನೀರು ತುಂಬಿಡೂ ಬ್ಯಾರೆ ದೊಡ್ಡ ಟಾಕಿ ಇತ್ತು, ಶುಕ್ರವಾರ ಅದರ ಮ್ಯಾಲ ನಡೀತಿತ್ತು. ಕಂಪನಿಯಿಂದ ಹೊರಗ ಬೀಳೂ ನೀರು ಹರೀತೈತಿ, ಆದ್ರ "ಕಂಪನಿಯಿಂದ ಹೊರಗ ಬೀಳೂ ನೀರು" ಬೀಳೂ ಕೊಕ್ಕರೆ ಒಣಗೈತಿ. ಅಂದ್ರ ಕೊಕ್ಕರೆ ಬಾಯಿಗೆ ಬರೂದು ರಸ್ತೆದ ನಳದ ನೀರು. ನಮ್ಮ ಹೆಣ್ಮಕ್ಕಳು ಹೆದ್ದಾರಿ ದಾಟಿ ತರೂ ಅದ ಕುಡಿಯೂ ನೀರು. ಅದನ್ನ ಮೀನಿಗೆ ಬಿಟ್ಟು, ಮೀನು ತೋರ್ಸಿ, ನಮಗ ನಳಾ ಬ್ಯಾಡ ಅಂತ ಹೇಳ್ಸಿದ್ರು. ಮಸ್ಕಿರಿ ಮಾಡೂದ್ರಾಗ ನಾನ ಉಸ್ತಾದ ಅಂತ ತಿಳದಿದ್ನಿ. ಕಂಪನಿ ನನ್ನ ಗುರು ಆತು.

ಕಾಕಾ ಗುಲಾಬಿ ಕತ್ತರಿಸ್ಲಿಕ್ಕ ಹತ್ತಿದ್ದ. ಹೋಗಿ ನಿಂತ್ನಿ. "ನಿಮಗ ಗೊತ್ತಿತ್ತು."

"ಮೀನು ಸಾಕುವವನಿಗೆ ನೀರು ಯಾವುದು ಅಂತ ಗೊತ್ತಾಗುದಿಲ್ವಾ?"

"ಮತ್ತ್ಯಾಕ ಬಾಯಿ ಬಿಡಲಿಲ್ರಿ? ನಿಮ್ಮ ಮನಿಯವರೂ ಆ ಬಾವಿ ನೀರಾಗ ಮುಸರಿ ತಿಕ್ತಾರ."

ಕತ್ತರಿ ನಿಲ್ಲಿಸಿದ. "ಬಾಯಿ ಬಿಟ್ರೆ ನಾಳೆ ನಾನು ಗೇಟಿನ ಹೊರಗೆ. ಪರ್ಮನೆಂಟ್ ಮಾಡ್ತೇನೆ ಅಂತ ಹೊಸ ಮ್ಯಾನೇಜರ್ ಹೇಳಿದ್ದಾರೆ, ಸಮಾರಂಭ ಚೆಂದ ಆದ್ರೆ. ನೀನು ಹೇಳು ಬೇಕಾದ್ರೆ. ನೀನು ಪರ್ಮನೆಂಟ್ ಅಲ್ವಾ?"

ಅದು ಒಂದು ಪಾಯಿಂಟ್ ಇತ್ತು. ನಾ ಹೇಳಬಹುದಿತ್ತು. ಆದ್ರ ನನ್ನ ಮಾತು ಯಾರು ನಂಬಬೇಕು? ಬೆಂಕಿ ಹತ್ತೈತಿ ಅಂತ ನಾ ಕೂಗಿದಾಗೆಲ್ಲಾ ಆ ಕಂಪನಿ ಮಂದಿ ಕೂತಲ್ಲೇ ಬೀಡಿ ಹಚ್ಚತಿದ್ರು.

ಸಮಾರಂಭ ಅಂದ್ರ ಇದು. ಹೊಸಾ ಮ್ಯಾನೇಜರ್ ಮುಂಬೈ ಕಡೆಯಿಂದ ಕಾರಿನಾಗ ಬರೂ ಮನಷ್ಯಾ, ಎಳೀ ವಯಸ್ಸು, ಎಲ್ಲಾದಕ್ಕೂ ಹಸಿರು ಹಸಿರು ಅಂತಿದ್ದ. ಗೇಟಿಗೆ ಹಸಿರು ಬಣ್ಣ, ನಮಗ ಹಸಿರು ಟೋಪಿ. ಊರಿನ ದೊಡ್ಡ ಲೀಡರ್ ಸಾಹೇಬ್ರನ್ನ ಕರಸಿ, ಗಿಡಾ ನೆಡಸಿ, ಪೇಪರಿನವರ ಮುಂದ ಕೊಳಕ್ಕ ಒಂದು ಹೊಸಾ ಹಿತ್ತಾಳಿ ನಳಾ ಉದ್ಘಾಟನಾ ಮಾಡ್ಸೂದು ಅಂತ ಯೋಜನಾ. ಸಾಹೇಬ್ರು ತಿರುವೂದು, ಶುದ್ಧ ನೀರು ಧೋ ಅಂತ ಬೀಳೂದು, ಚಪ್ಪಾಳಿ. ಚುನಾವಣಿ ಹತ್ರ ಬಂದಿತ್ತು, ಸಾಹೇಬ್ರಿಗೂ ಹಸಿರು ಬೇಕಾಗಿತ್ತು. ನಳಾ ಕೂಡಿಸೂ ಕೆಲಸ ನನ್ನ ಪಾಲಿಗೆ ಬಂತು. ಬುಧವಾರ ಟೆಸ್ಟ್ ಮಾಡಿದ್ನಿ, ನೀರಿನ ರಭಸಕ್ಕ ನನ್ನ ಹಸಿರು ಟೋಪಿ ಹಾರಿತು.

ದಿನಾ ಗೊತ್ತು ಮಾಡಿದ್ದು ಯಾರು? ಅದ ಕತಿ. ತಾರೀಖು ಹುಡುಕುವಾಗ ನಾ ಮ್ಯಾನೇಜರ್ ಕ್ಯಾಬಿನ್ನಿನಾಗ ಏಣಿ ಮ್ಯಾಲ ನಿಂತು ಪೈಪು ನೋಡಾಕ ಹತ್ತಿದ್ನಿ. ಕಾಕಾ ಫೋಟೋಕ್ಕ ಹೂವು ಇಡಾಕ ಬಂದಿದ್ದ. ಮ್ಯಾನೇಜರ್ ನಗಚಾಟಿಗೆ ಕೇಳಿದ್ರು, "ಕ್ಯೋಂ ಚಾಚಾ, ಕೌನ್‌ಸಾ ದಿನ್ ಅಚ್ಛಾ ಹೈ?"

ಕಾಕಾ ಕೈ ಜೋಡಿಸಿದ. ಸೊಂಟದತನಕ ಬಗ್ಗಿದ. "ಶುಕ್ರವಾರ ಸಾಬ್. ಲಕ್ಷ್ಮೀ ಕಾ ದಿನ್. ನಮ್ಮ ಮನೆಯ ದೋಣಿ ಯಾವತ್ತೂ ಶುಕ್ರವಾರವೇ ನೀರಿಗಿಳಿಸುದು. ನೀರಿನ ಕೆಲಸಕ್ಕೆ ಶುಕ್ರವಾರ ಬಿಟ್ಟು ಬೇರೆ ಇಲ್ಲ." ಅರ್ಧಾ ಹಿಂದಿ, ಅರ್ಧಾ ಕನ್ನಡ. ಮ್ಯಾನೇಜರ್ ಖುಷಿಯಾದ್ರು. ಹಳೇ ಮ್ಯಾನೇಜರ್ ಇದ್ದಿದ್ರ ಶುಕ್ರವಾರ ಅಂದ ಕೂಡಲೆ ಕುರ್ಚಿಯಿಂದ ಬೀಳ್ತಿದ್ರು, ಅವರ ಕಾಲಕ್ಕ ಒಬ್ಬ ಅಧಿಕಾರಿನೂ ಶುಕ್ರವಾರ ಬಂದದ್ದು ನಾ ಕಾಣೆ. ಈ ಕಾರಿನ ಮನಷ್ಯಾಗ ನಮ್ಮ ನಳದ ರಜಾ ಹ್ಯಾಂಗ ಗೊತ್ತಾಗಬೇಕು? ಅವರ ಕ್ಯಾಬಿನ್ನಿಗೆ ಟಾಕಿ ನೀರು.

ನಾ ಏಣಿ ಮ್ಯಾಲಿಂದ ಕೆಳಗ ನೋಡಿದ್ನಿ. ಕಾಕಾನ ಮಾರಿ ಮ್ಯಾಲ ಏನೂ ಇರಲಿಲ್ಲ. ದೇವರ ಮುಂದ ನಿಂತವರ ಮಾರಿ. ಹೊರಗ ಬಂದು ಹಿಡಕೊಂಡ್ನಿ. "ಕಾಕಾ, ಶುಕ್ರವಾರ ನಳಾ..."

"ಹೌದಲ್ವಾ, ಲಕ್ಷ್ಮಿ ವಾರ," ಅಂದು ಹೋಗೇ ಬಿಟ್ಟ.

ಮರತಾನೋ? ಹುಚ್ಚನೋ? ಇಲ್ಲ ಮ್ಯಾನೇಜರ್ ಜೋಡಿ ಕೂಡಿ ಬ್ಯಾರೇನೋ ಆಟಾ ಹೂಡ್ಯಾನೋ? ನಾ ಯಾರಿಗೂ ಹೇಳಲಿಲ್ಲ. ಇಂಥಾ ತಮಾಷಾ ಕೆಡಿಸೂ ಪಾಪ ನಾ ಎಂದೂ ಮಾಡಾಂವಲ್ಲ.

ಶುಕ್ರವಾರ ಬಂತು. ಪೆಂಡಾಲ, ಝೆಂಡು ಹೂವಿನ ಮಾಲಿ, ಬ್ಯಾಂಡಿನವರು. ಚಾಳಿನ ಹೆಣ್ಮಕ್ಕಳು ಗೇಟಿನ ಕಂಬಿಗೆ ಹತ್ತಿ ನಿಂತಿದ್ರು. ಸಾಹೇಬ್ರು ಗಿಡಾ ನೆಟ್ರು, ಹ್ವಾದ ವರ್ಷ ನೆಟ್ಟ ಗಿಡದ ತಗ್ಗಿನಾಗ. ಹಸಿರಿನ ಮ್ಯಾಲ ಭಾಷಣಾ ಆತು. ಆಮ್ಯಾಲ ಹಿತ್ತಾಳಿ ನಳದ ಮುಂದ ಬಂದ್ರು. ಕಾಕಾ ಹೊಸಾ ಅಂಗಿ ಹಾಕ್ಕೊಂಡು ಆರತಿ ತಟ್ಟಿ ಹಿಡದು ನಿಂತಿದ್ದ. ಕ್ಯಾಮೆರಾ ಮ್ಯಾಲೆದ್ವು. ಸಾಹೇಬ್ರು ತಿರುವಿದ್ರು.

ಫುಸ್ಸ್.

ಮತ್ತ ತಿರುವಿದ್ರು. ಗಾಳಿ ಬಂತು. ಒಂದು ಹನಿ ಬಂತು, ಅದರ ಹಿಂದ ಒಂದು ಜಿರಳಿ ಬಂತು. ಬ್ಯಾಂಡಿನವರು ಏನೂ ತಿಳೀದ ಬಾರಸಾಕ ಚಾಲೂ ಮಾಡಿದ್ರು, ಯಾರೋ ಬೈದು ನಿಲ್ಲಿಸಿದ್ರು. ಆ ಸುಮ್ಮಗಾದ ಹೊತ್ತಿನಾಗ ಗೇಟಿನ ಕಡೆಯಿಂದ ನಿಂಗವ್ವನ ಭೋಂಗಾ ಎದ್ದಿತು:

"ಯಪ್ಪಾ ಸಾಹೇಬಾ, ಇವತ್ತ ಶುಕ್ರವಾರಾ! ಇವತ್ತ ನಳಾ ಬರಂಗಿಲ್ಲೋ!"

ಹೆಣ್ಮಕ್ಕಳು ನಕ್ರು. ನಕ್ಕೋತ ನಕ್ಕೋತ ಒಬ್ಬೊಬ್ಬರ ನಗು ನಿಂತಿತು. ನಿಂಗವ್ವನ ಮಾರಿ ಮೊದಲ ಬದಲಾತು. "ಅಲ್ಲss... ಕಂಪನಿ ನೀರಿಗೆ ಶುಕ್ರವಾರ ಯಾಕ ರಜಾ? ಹಿಂದ ನಾಲಾ ಹರದೈತಲ್ಲ? ಅಂದ್ರ ಮೀನಿಗೆ ನಮ್ಮ ನಳದ ನೀರೇನೋ? ಮೀನು ನಳದ ನೀರು ಕುಡಿಬೇಕು, ನನ್ನ ಮಕ್ಕಳು ಬಾವಿದು ಕುಡಿಬೇಕೇನೋ?"

ಮರಾಠಿ, ಹಿಂದಿ ಎಲ್ಲಾ ಭಾಷಾಕ್ಕೂ ಅದು ತಾನ ಅನುವಾದ ಆಗಿ ಪೇಪರಿನವರ ಕಿವಿಗೆ ಹೋತು. ಮ್ಯಾನೇಜರ್ ಹಸಿರಾದ್ರು, ಅವತ್ತ ಖರೇ ಹಸಿರು.

ಆದ್ರ ಲೀಡರ್ ಸಾಹೇಬ್ರ ಶ್ಯಾಣೇತನ ನೋಡಬೇಕು. ಅರೆಗಳಿಗ್ಯಾಗ ಕೊಳಕ್ಕ ಬೆನ್ನ ಮಾಡಿ, ಹೆಣ್ಮಕ್ಕಳ ಕಡೆ ಮಾರಿ ಮಾಡಿ, ಎದಿ ಮ್ಯಾಲ ಕೈ ಇಟ್ಟು ಹೇಳಿದ್ರು, ಈ ನನ್ನ ಅಕ್ಕತಂಗೇರ ಚಾಳಿಗೆ ನಳಾ ಬರೂತನಕ ನಾ ಸುಮ್ನ ಕೂಡಂಗಿಲ್ಲ, ಖರ್ಚು ಕಂಪನಿಯವರದು ಅಂತ. ಚಪ್ಪಾಳಿ! ಕಂಪನಿ ಪರ ಬಂದಾಂವ ಚಾಳಿನ ಪರ ಆಗಿ ಹೋದ. ಮಳಿಗಾಲಕ್ಕ ಮೊದಲ ಚಾಳಿನ ನಡುವ ನಳಾ ಬಂತು, ನಾನ ಕೂಡಿಸಿದ್ನಿ. ನಳಕ್ಕಿಂತ ಅದರ ಮ್ಯಾಲಿನ ಸಾಹೇಬ್ರ ಹೆಸರಿನ ಫಳಿ ದೊಡ್ಡದಿತ್ತು. ನಾಲಾದ ಬಗ್ಗೆ ಯಾರೂ ಏನೂ ಮಾತಾಡಲಿಲ್ಲ. ಅದು ಕೆಂಪು, ನೀಲಿ, ಹಸಿರು ಹರಕೋತ ಇತ್ತು. ಎಲ್ಲಾರಿಗೂ ಏನೋ ಒಂದು ಸಿಕ್ತು. ಅದಕ್ಕ ನನಗ ಈಗೂ ಯಾರರೆ ಹಸಿರು ಅಂದ್ರ ಮೊದಲ ಪೈಪು ಎಲ್ಲಿಂದ ಬಂದೈತಿ ಅಂತ ನೋಡಬೇಕು ಅನಸ್ತೈತಿ.

ಸಿಗದಿದ್ದಾಂವ ಕಾಕಾ ಒಬ್ಬ. ಕೊಳಾ ಮುಚ್ಚಿ ಹುಲ್ಲು ಹಾಸ್ರಿ ಅಂತ ಮ್ಯಾಲಿಂದ ಹುಕುಂ ಬಂತು. ಮೀನಿಲ್ಲ ಅಂದ ಮ್ಯಾಲ ಮೀನಿನಾಂವ ಯಾಕ? ಶುಕ್ರವಾರ ಶುಭ ಅಂದಿದ್ದಕ್ಕ ಯಾರನ್ನೂ ತಗಿಯಾಕ ಬರಂಗಿಲ್ಲ, ಕೆಲಸಾ ಇಲ್ಲ ಅಂತ ತಗಿಯಾಕ ಬರತೈತಿ. ಒಂದು ರವಿವಾರ ನಾವಿಬ್ರೂ ನಾಕು ಎಣ್ಣಿ ಡಬ್ಬಿದಾಗ ಇದ್ದಷ್ಟೂ ಮೀನು ತುಂಬಕೊಂಡು ಗಾಡಿ ಹತ್ತಿದ್ವಿ. ಗಾಡಿದಾಗ ನಿಂತವ ಒಬ್ಬ ಕೇಳಿದ, "ಕಾಯ್ ಭಾವ್, ಕಸೇ ದಿಲೇ?" ಹ್ಯಾಂಗ ಕೊಟ್ರಿ ಅಂತ. ಕಾಕಾ ಹೇಳಿದ, "ಇವು ಮಾರುದಲ್ಲ, ರಿಟೈರ್ಡ್ ಆಗಿದ್ದಾವೆ."

ಠಾಣೆ ಕೆರಿ ಮೆಟ್ಟಲದ ಮ್ಯಾಲ ಕಡೀ ಡಬ್ಬಿ ಬಗ್ಗಿಸೂಮುಂದ ಕೇಳಿದ್ನಿ. "ಈಗರೆ ಹೇಳ್ರಿ ಕಾಕಾ. ಗೊತ್ತಿದ್ದು ಶುಕ್ರವಾರ ಅಂದ್ರೋ, ಮರತು ಅಂದ್ರೋ? ನೌಕರಿ ಹೋತಲ್ರೀ."

ಅಂವ ಡಬ್ಬಿ ಕೆರ್ಯಾಗ ಅದ್ದಿ ತೊಳದ. ತೊಳದ ನೀರೂ ದಂಡಿಗಿದ್ದ ಗಿಡಕ್ಕ ಹಾಕಿದ. "ಲಕ್ಷ್ಮಿ ವಾರ ಅಲ್ವಾ ಮಾರಾಯ," ಅಂದ. "ನಮ್ಮ ಮನೆಯ ದೋಣಿ..."

"ಸಾಕ್ ಬಿಡ್ರಿ ನಿಮ್ಮ ದೋಣಿ!"

ಆಮ್ಯಾಲ ಕಾಕಾ ಚಾಳಾ ಬಿಟ್ಟು ಠಾಣೆ ಬಾಜೂದ ಕಳವಾ ಊರಿಗೆ ಹೋದ, ಅಕ್ಕನ ಮಗನ ಜೋಡಿ ಒಂದು ಸಣ್ಣ ಖೋಲ್ಯಾಗ. ಹಳೇ ಪೇಪರಿನ ಪಿಶವಿ ಮಾಡಿ ಅಂಗಡಿಗೆ ಕೊಡ್ತಿದ್ದ. ಆಗೊಮ್ಮೆ ಈಗೊಮ್ಮೆ ಸ್ಟೇಷನ್ನಿನಾಗ ಸಿಗ್ತಿದ್ದ, ಅರ್ಧಾ ಮನಷ್ಯಾನ್ನ ಕೈಯಾಗ ಹಿಡಕೊಂಡು. ದೂರಿಂದ ಕಂಡ ಕೂಡಲೆ ನಾ ನನ್ನ ಪ್ಲಾಸ್ಟಿಕ್ ಪಿಶವಿ ಅಂಗಿ ಒಳಗ ತುರಕ್ತಿದ್ನಿ. ಟೊಮಾಟಿ ಒಡದು ಅಂಗಿ ಕೆಂಪಾದ್ರ, "ಎಂತ, ನಾಲಾಕ್ಕೆ ಬಿದ್ದಿಯಾ?" ಅಂತ ಕೇಳ್ತಿದ್ದ.

ಅಂವ ಹೋದ ಸುದ್ದಿ ಬಂದ ದಿನಾನೂ ಶುಕ್ರವಾರ. ನಂಬಲಿಲ್ಲ ನಾ. ಈ ಮುದುಕ ಬೇಕಂತ ವಾರಾ ಆರಿಸ್ಯಾನ ಅಂತ ಗಾಡಿದಾಗ ಕೂತು ಹೋಗೂತನಕ ತಲ್ಯಾಗ ಅದ. ಕಳವಾ ಊರಾಗೂ ಶುಕ್ರವಾರ ನಳಕ್ಕ ರಜಾ. ಹೆಣದ ಸ್ನಾನಕ್ಕ ನೀರೆಲ್ಲಿಂದ ತರ್ತಾರೋ, ನಾಕು ಕೊಡಾ ಹೊರೂ ಪಾಳಿ ನನಗ ಬರತೈತೋ ಅಂದ್ಕೋತ ಖೋಲಿ ಮುಟ್ಟಿದ್ನಿ. ಬಾಗಲದಾಗ ಸಾಲಾಗಿ ಕೊಡಾ, ಹಂಡೆ, ಬಕೀಟು. ಎಲ್ಲಾ ತುಂಬಿ ತುಳುಕ್ತಿದ್ವು.

ಕಾಕಾನ ಹೆಂಡ್ತಿ ಕಾಕೂ ಗ್ವಾಡಿಗೆ ಒರಗಿ ಕೂತಿದ್ರು. "ನಿನ್ನೆ ಸಂಜೆ ಅವರೇ ತುಂಬಿಸಿಟ್ಟದ್ದು," ಅಂದ್ರು. "ಎದೆ ನೋಯ್ತದೆ ಅಂತ ಹೇಳಿದ್ರು, ಬೇಡ ಅಂದ್ರೂ ಕೇಳ್ಳಿಲ್ಲ. ನಾಳೆ ನಳ್ಳಿ ಇಲ್ಲ, ನಾಕು ಜನ ಬಂದ್ರೆ ನೀರು ಬೇಡ್ವಾ ಅಂತ."

ನಾ ಅವರ ಮುಂದ ನಿಂದರಲಾರದ ಹೊರಗ ಬಂದು ಅಕ್ಕನ ಮಗನ್ನ ಹಿಡದ್ನಿ. ಇಷ್ಟು ವರ್ಷದ್ದು ತಲ್ಯಾಗ ಕೊರೀತಿತ್ತು. "ಅಲ್ಲೋ ತಮ್ಮಾ, ನಿಮ್ಮ ಮಾಮನ ಮನಿ ದೋಣಿ ಶುಕ್ರವಾರ ನೀರಿಗಿಳಸ್ತಿದ್ರಂತಲ್ಲ?"

ಅಂವ ಅಳು ನಿಲ್ಲಿಸಿ ನನ್ನ ಮಾರಿ ನೋಡಿದ. "ಯಾವ ದೋಣಿ? ನಮ್ಮ ಮನೇಲಿ ದೋಣಿಯೇ ಇರ್ಲಿಲ್ಲ ಅಣ್ಣ. ಮಾಮ ಊರಲ್ಲಿ ಇನ್ನೊಬ್ಬರ ಬೋಟಿಗೆ ಐಸ್ ತುಂಬುವ ಕೆಲಸ ಮಾಡ್ತಿದ್ದದ್ದು. ವಾರ, ಮುಹೂರ್ತ ಅಂದ್ರೆ ಅವರಿಗೆ ನಗು."

ಒಳಗಿಂದ ಕರದ್ರು. ಸ್ನಾನದ ಹೊತ್ತು, ಬೇಕಾದವರು ಒಂದೊಂದು ತಂಬಿಗಿ ಸುರವೂದು. ಕಾಕಾ ಹಲಗಿ ಮ್ಯಾಲ ಮಲಗಿದ್ದ, ಆರತಿ ತಟ್ಟಿ ಹಿಡದು ನಿಂತಿದ್ದ ದಿನದ ಅದ ಮಾರಿ ಇತ್ತು, ಏನೂ ಅರೀದವರದು. ನನ್ನ ಪಾಳಿ ಬಂತು. ಗುರುವಾರದ ನೀರಿನ ತಂಬಿಗಿ ಎರಡೂ ಕೈಯಾಗ ಹಿಡದು, ಒಂದು ಹನಿ ನೆಲಕ್ಕ ಚೆಲ್ಲದಂಗ ಸಾವಕಾಶ ಸುರದ್ನಿ. ಚೆಲ್ಲಿದ್ರ ಎದ್ದು ಕೂತು ನನ್ನ ಮಾರಿ ನೋಡ್ಯಾನು ಅಂತ ಸಂಶಯ.